ಟಪಾಲಿನಲ್ಲಿ ಹೋದ ಪಂಚಮಿ

ನಾಸಿಕದ ಹತ್ತಿರ, ಓಝರ್‌ನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ನಮಗಿದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು ಹಿಡಿಸುವಷ್ಟು ಹಿತ್ತಲು. ಅಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್. ಬೀದರ ಜಿಲ್ಲೆಯ ಹಳ್ಳಿಯಿಂದ ಮೊದಲು ಅವನು ಬಂದ, ಅವನ ಹಿಂದೆ ಅವ್ವ ಬಂದಳು. ಆಮೇಲೆ ಅಪ್ಪನ ತಾಯಿ, ಅಪ್ಪನ ತಂಗಿ ಶರಣಮ್ಮ ಇಬ್ಬರೂ ಬಂದು ಸೇರಿ ಆ ಎರಡು ಕೋಣೆಗಳನ್ನು ತುಂಬಿದರು. ನಾನು ಅಲ್ಲಿಯೇ ಹುಟ್ಟಿದವಳು. ಅಜ್ಜಿಯನ್ನು ನಮ್ಮ ಕಡೆಯವರಂತೆ ಆಯಿ ಎಂದು ಕರೆಯುತ್ತಿದ್ದೆ. ಪಕ್ಕದ ಮನೆಯ ಮರಾಠಿ ಮಕ್ಕಳಿಗೆ ಆಯಿ ಎಂದರೆ ಹೆತ್ತ ತಾಯಿ. ಈ ನೀಲಾಗೆ ಒಬ್ಬಳು ಹರೆಯದ ತಾಯಿ, ಒಬ್ಬಳು ಮುದುಕಿ ತಾಯಿ ಎಂದು ಅವರು ನಗುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಯಿ ಬೆಳಿಗ್ಗೆ ಜಳಕ ಮುಗಿಸಿ, ಹಣೆಗೆ ವಿಭೂತಿ ಬಳಿದು, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತಳೆಂದರೆ ಮನೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ. ವಿಮಾನಗಳಿಗೆ ಮಾತ್ರ ಆ ಭಯವಿರಲಿಲ್ಲ. ಕಾರ್ಖಾನೆಯವರು ವಿಮಾನ ಹಾರಿಸಿ ನೋಡುವ ಹೊತ್ತೂ ಅವಳ ಪೂಜೆಯ ಹೊತ್ತೂ ಒಂದೇ. ತಲೆಯ ಮೇಲೆ ಸದ್ದು ಹಾಯ್ದು ಹೋಗಿ, ಅಡುಗೆಮನೆಯ ಡಬ್ಬಿಗಳ ಮುಚ್ಚಳ ನಡುಗಿ ನಿಂತ ಮೇಲೆ ಆಯಿ ಕಣ್ಣು ಮುಚ್ಚಿಕೊಂಡೇ ಅಪ್ಪನಿಗೆ ಹೇಳುತ್ತಿದ್ದಳು:

"ಬಸ್ಯಾ, ಇದು ನೀ ಬಿಗಿ ಮಾಡಿದ ನಟ್ಟೇ ಇರಬೇಕು. ಭಾಳ ಸಪ್ಪಳ ಮಾಡ್ತದ."

ನಮ್ಮ ಮನೆಯಲ್ಲಿ ಮರಾಠಿ, ಹಿಂದಿ ಚೆನ್ನಾಗಿ ಬರುತ್ತಿದ್ದದ್ದು ಅಪ್ಪನೊಬ್ಬನಿಗೆ. ಅವ್ವನ ಮರಾಠಿ ಕೊತ್ತಂಬರಿ ಕೊಳ್ಳುವಷ್ಟು. ಆಯಿ ಅದನ್ನೂ ಕಲಿಯಲಿಲ್ಲ. ತರಕಾರಿಯವನ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದಳು, ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ, ಕೊನೆಗೆ ಇಬ್ಬರೂ ತಾವೇ ಗೆದ್ದೆವೆಂದು ತಿಳಿಯುತ್ತಿದ್ದರು. ನಾನು ಹೋಗುತ್ತಿದ್ದದ್ದು ಮರಾಠಿ ಶಾಲೆ. ಕನ್ನಡ ಕಿವಿಗೆ ಬರುತ್ತಿತ್ತು, ಬಾಯಿಗೆ ಅರ್ಧ ಬರುತ್ತಿತ್ತು, ಕಣ್ಣಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅದನ್ನು ಕಣ್ಣಿಗೆ ತಂದವಳು ಶರಣತ್ತೆ. ಊರಿನಲ್ಲಿ ಏಳನೆಯ ತರಗತಿಯವರೆಗೆ ಓದಿದ್ದ ಅವಳು ರೊಟ್ಟಿ ಬಡಿಯುವಾಗ ನನ್ನನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಪರಾತದಲ್ಲಿ ಜೋಳದ ಹಿಟ್ಟನ್ನು ತೆಳ್ಳಗೆ ಹರಡಿ, ಅದರ ಮೇಲೆ ಬೆರಳಿನಿಂದ ಅ, ಆ ಬರೆಸುತ್ತಿದ್ದಳು. ಉಣ್ಣುವ ಹಿಟ್ಟಿನಲ್ಲಿ ಆಡಬಾರದು ಎಂದು ಆಯಿ ಗದರಿದರೆ ಹಿಟ್ಟನ್ನು ಒಟ್ಟು ಮಾಡಿ ರೊಟ್ಟಿ ತಟ್ಟುತ್ತಿದ್ದಳು. ನಾನು ಬರೆದ ತಪ್ಪು ಅಕ್ಷರಗಳನ್ನೆಲ್ಲ ಅಪ್ಪ ಸಾಯಂಕಾಲ ಬದನೆಕಾಯಿಯ ಪಲ್ಯದ ಜೊತೆ ಉಂಡುಬಿಡುತ್ತಿದ್ದ. ಈ ಪುಟಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ಅದು ಆ ಹಿಟ್ಟಿನ ಋಣ.

ನನಗೆ ಒಂಬತ್ತು ತುಂಬಿದ ವರ್ಷ ನಮ್ಮ ಮನೆಗೆ ಎರಡು ಸಂತೋಷಗಳು ಜೋಡಿಯಾಗಿ ಬಂದವು. ಸಂಕ್ರಾಂತಿ ಕಳೆದ ಮೇಲೆ ಶರಣತ್ತೆಯ ಮದುವೆಯಾಯಿತು. ಹುಡುಗ ಔರಂಗಾಬಾದಿನಲ್ಲಿ ಬಟ್ಟೆಯಂಗಡಿಯ ಗುಮಾಸ್ತ, ನಮ್ಮ ಕಡೆಯವನೇ, ಮಾತಾಡುವ ಮೊದಲು ಎರಡು ಸಲ ಕೆಮ್ಮುವಷ್ಟು ನಾಚಿಕೆಯವನು. ಅದೇ ಹೊತ್ತಿಗೆ ಅವ್ವ ಬಸುರಿ ಎಂಬುದು ಖಾತ್ರಿಯಾಯಿತು. ನನ್ನ ನಂತರ ಅವಳು ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ಹೊಸ ಸೀರೆ ಉಟ್ಟು ಮದುವೆಯ ಚಪ್ಪರದಲ್ಲಿ ಓಡಾಡುತ್ತಿದ್ದ ಅವಳನ್ನು ಆಯಿ ಗಳಿಗೆಗೊಮ್ಮೆ ಕೂರಿಸುತ್ತಿದ್ದಳು. ಮಗಳನ್ನು ಕಳಿಸುವ ದುಃಖಕ್ಕೂ ಸೊಸೆ ಹಡೆಯುವಳೆಂಬ ಹಿಗ್ಗಿಗೂ ನಡುವೆ ಸಿಕ್ಕು ಅವಳು ಅಂದು ಅಳುವಾಗ ನಗುತ್ತಿದ್ದಳು, ನಗುವಾಗ ಅಳುತ್ತಿದ್ದಳು. ನಾನು ಮಾತ್ರ ನೇರವಾಗಿ ಸಿಟ್ಟು ಮಾಡಿಕೊಂಡಿದ್ದೆ. ನನ್ನ ಜೊತೆ ಮಲಗುತ್ತಿದ್ದವಳು, ನನ್ನ ಜಡೆ ಹಾಕುತ್ತಿದ್ದವಳು, ಯಾರೋ ಕೆಮ್ಮುವವನ ಹಿಂದೆ ಹೊರಟು ನಿಂತಿದ್ದಳಲ್ಲ. ಉಡಿ ತುಂಬಿಸಿಕೊಂಡು ಹೊರಡುವಾಗ ಅತ್ತೆ ನನ್ನನ್ನು ಹುಡುಕಿದಳಂತೆ. ನಾನು ಪಾತ್ರೆಗಳ ಹಿಂದೆ ಅಡಗಿ ಕೂತಿದ್ದೆ, ಕರೆದರೂ ಹೊರಗೆ ಬರಲಿಲ್ಲ.

ಜ್ಯೇಷ್ಠದಲ್ಲಿ ಅತ್ತೆಯೂ ಬಸುರಿ ಎಂಬ ಕಾಗದ ಬಂತು. ಮಳೆ ಹಿಡಿದು ಆಷಾಢ ಮುಗಿಯುತ್ತ ಬಂದಂತೆ ಮನೆಯಲ್ಲಿ ಒಂದೇ ಮಾತು, ಪಂಚಮಿ. ನಮ್ಮಲ್ಲಿ ಮದುವೆಯಾದ ಹೆಣ್ಣುಮಗಳು ಮೊದಲ ನಾಗಪಂಚಮಿಗೆ ತವರಿಗೆ ಬರಲೇಬೇಕು. ಆದರೆ ತಾನಾಗಿ ಬರುವಂತಿಲ್ಲ. ಅಣ್ಣನೋ ತಮ್ಮನೋ ಉಂಡಿ, ಕೊಬ್ಬರಿ, ಕುಬುಸದ ಬಟ್ಟೆ ಹಿಡಿದುಕೊಂಡು ಅವಳ ಅತ್ತೆಯ ಮನೆಗೆ ಹೋಗಿ, ಅಲ್ಲಿ ಉಂಡು, ಹಿರಿಯರನ್ನು ಕೇಳಿ ಕರೆದುಕೊಂಡು ಬರಬೇಕು. ಕರೆಯಲು ಯಾರೂ ಹೋಗದಿದ್ದರೆ ಅವಳು ಎಷ್ಟೇ ಹಂಬಲಿಸಿದರೂ ಹೊಸಲು ದಾಟುವಂತಿಲ್ಲ. ಓಝರ್‌ನಿಂದ ಔರಂಗಾಬಾದಿಗೆ ಆಗ ಬಸ್ಸು ಬದಲಿಸುತ್ತ ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ. ಅಪ್ಪ ಕಾರ್ಖಾನೆಯಲ್ಲಿ ರಜೆ ಕೇಳಿ ಇಟ್ಟಿದ್ದ.

ಬೇಡವೆಂದವಳು ಅವ್ವ. ಅವಳಿಗೆ ಆಗ ಎಂಟು ತಿಂಗಳು ತುಂಬಿತ್ತು. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಅವಳ ಹೆದರಿಕೆಗೆ ಕಾರಣವಿತ್ತು. ಹಿಂದಿನ ಸಲ ನೋವು ಬಂದಾಗ ಅಪ್ಪ ಊರಿಗೆ ಹೋಗಿದ್ದ. ನೆರೆಯ ಮನೆಗಳಿಗೆ ಬೀಗ. ಆಯಿ ರಸ್ತೆಗೆ ಓಡಿ ಹೋಗುವವರನ್ನೆಲ್ಲ ಕನ್ನಡದಲ್ಲಿ ಕೂಗಿ ಕರೆದಳು, ಯಾರಿಗೂ ತಿಳಿಯಲಿಲ್ಲ. ಗಾಡಿ ಸಿಕ್ಕು ನಾಸಿಕ ಮುಟ್ಟುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ನನಗೆ ಮರಾಠಿ ಬರುತ್ತಿತ್ತು, ನಿಜ; ಒಂಬತ್ತು ವರ್ಷದ ಹುಡುಗಿಯ ಮರಾಠಿಯನ್ನು ನಂಬಿ ಯಾವ ಬಸುರಿ ಧೈರ್ಯವಾಗಿ ಮಲಗಿಯಾಳು? ಇದೆಲ್ಲ ಆಯಿಗೂ ಗೊತ್ತಿತ್ತು. ಆದರೂ ಮಗಳ ಮೊದಲ ಪಂಚಮಿ. ದಿನವೂ ಬೆಳಿಗ್ಗೆ ಅತ್ತೆ ಸೊಸೆಯರಲ್ಲಿ ಅದೇ ವಾದ.

"ಕರೀಲಾಕ ಹೋಗಲಿಲ್ಲಂದ್ರ ಅಕಿ ಅತ್ತೀ ಮನಿಯವ್ರು ಏನಂದಾರು? ತವರಾಗ ಯಾರೂ ಇಲ್ಲದವಳು ಅಂದಾರು."

"ಅತ್ತಿ, ಸೀರಿ, ಉಂಡಿ ಎಲ್ಲಾ ಟಪಾಲಿನಾಗ ಕಳಸೂಣ್ರಿ. ದೀಪಾವಳಿಗೆ ಇವರು ಹೋಗಿ ಕರಕೊಂಡು ಬರ್ತಾರ. ಅಷ್ಟೊತ್ತಿಗೆ ನಾನೂ ಎದ್ದು ಓಡಾಡ್ತೀನಿ."

"ಟಪಾಲಿನವ ಅಣ್ಣ ಆಗ್ತಾನೇನು?"

ಅಪ್ಪ ಇಬ್ಬರ ನಡುವೆ ಕೂತು ಚಹಾ ಕುಡಿಯುತ್ತಿದ್ದ. ತಾಯಿಯ ಕಡೆ ತಿರುಗಿದರೆ ಹೂಂ, ಹೆಂಡತಿಯ ಕಡೆ ತಿರುಗಿದರೆ ಹೂಂ. ಕಾರ್ಖಾನೆಯ ಭೋಂಗಾ ಕೂಗಿದ ಕೂಡಲೇ ಸೈಕಲ್ ಹತ್ತಿ ಪಾರಾಗುತ್ತಿದ್ದ.

ಹಬ್ಬಕ್ಕೆ ಒಂಬತ್ತೋ ಹತ್ತೋ ದಿನ ಇರುವಾಗ, ಮಧ್ಯಾಹ್ನದ ಹೊತ್ತು, ಆಯಿಯ ಹೆಸರಿಗೆ ಶರಣತ್ತೆಯ ಕಾಗದ ಬಂತು. ಆಯಿಗೆ ಓದು ಬಾರದು. ಅವ್ವ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತು ಓದಿದಳು, ಆಯಿ ಎದುರಿಗೆ ನೆಲದ ಮೇಲೆ ಶೇಂಗಾ ಸುಲಿಯುತ್ತ ಕೇಳಿದಳು. ತಾಯಿಯವರಿಗೆ ಶರಣಮ್ಮ ಮಾಡುವ ಶರಣು ಶರಣಾರ್ಥಿಗಳು. ನಾವೆಲ್ಲ ಕ್ಷೇಮ. ಇಲ್ಲಿ ಮಳೆ ಚೆನ್ನಾಗಿ ಆಗಿದೆ. ವೈನಿ ಹುಷಾರಾಗಿರಲಿ, ಭಾರ ಎತ್ತದಿರಲಿ. ನೀಲಾ ನನ್ನ ಮೇಲಿನ ಸಿಟ್ಟು ಬಿಟ್ಟಳೋ ಇಲ್ಲವೋ ತಿಳಿಸುವುದು. ನನ್ನ ಹೆಸರು ಬಂದಾಗ ನಾನು ಅವ್ವನ ಭುಜಕ್ಕೆ ಆತು ಅಕ್ಷರಗಳನ್ನು ನೋಡಿದೆ. ಅವ್ವ ನಡುವೆ ಒಂದು ಕಡೆ ತಡೆದಳು, ಮತ್ತೆ ಓದಿ ಮುಗಿಸಿ ಕಾಗದ ಮಡಿಸಿದಳು.

"ಇಷ್ಟೇ ಏನು?" ಆಯಿ ಕೇಳಿದಳು.

"ಇಷ್ಟೇರಿ."

ಆಯಿ ಬಹಳ ಹೊತ್ತು ಶೇಂಗಾ ಸುಲಿದಳು. ಆಮೇಲೆ ಎದ್ದು, ಸಿಪ್ಪೆಯನ್ನು ಸೆರಗಿನಿಂದ ಕೊಡವಿ, ಬೆಲ್ಲ ಎಷ್ಟಿದೆ ನೋಡು ಎಂದು ನನ್ನನ್ನು ಅಡುಗೆಮನೆಗೆ ಕಳಿಸಿದಳು. ಅಂದಿನಿಂದ ಕರೆಯಲು ಹೋಗುವ ಮಾತನ್ನು ಅವಳು ಎತ್ತಲಿಲ್ಲ. ಮಗಳು ಸುಖವಾಗಿದ್ದಾಳೆಂದು ತಿಳಿದು ಮುದುಕಿಯ ಮನಸ್ಸು ಸಮಾಧಾನವಾಯಿತು ಎಂದುಕೊಂಡೆ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಹಸಿರು ಸೀರೆಯ ಮಡಿಕೆಯಲ್ಲಿ ಕೊಬ್ಬರಿ ಬಟ್ಟಲು ಇಟ್ಟಳು. ಅಪ್ಪ ಸಾಯಂಕಾಲ ಬಂದು ಶರಣಿ ಏನು ಬರೆದಿದ್ದಾಳೆ ಎಂದು ಕೇಳಿದಾಗ, ಆರಾಮ ಅದಾಳಂತ ಎಂದು ಅವ್ವ ಹೇಳಿದಳು. ಅವನು ಬಟ್ಟೆಯ ಗಂಟನ್ನು ಹೊಲಿದು, ಮೇಲೆ ಮರಾಠಿಯಲ್ಲಿ ವಿಳಾಸ ಬರೆದು ಟಪಾಲಿಗೆ ಹಾಕಿದ.

ಕಾಗದವನ್ನು ಅವ್ವ ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಇಟ್ಟದ್ದು ನನಗೆ ಕಂಡಿತ್ತು. ಅದರಲ್ಲಿ ನನ್ನ ಹೆಸರಿತ್ತಲ್ಲ, ಅದನ್ನು ನಾನೇ ಓದಬೇಕೆಂಬ ಆಸೆ. ಮೂರು ಮಧ್ಯಾಹ್ನ, ಅವ್ವ ನಿದ್ದೆ ಹೋದಾಗ ತೆಗೆದು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಒತ್ತಕ್ಷರಗಳು ನನ್ನನ್ನು ಬಹಳ ಗೋಳಾಡಿಸಿದವು. ಮೂರನೆಯ ದಿನ ನನ್ನ ಹೆಸರಿನ ಕೆಳಗೆ, ಅವ್ವ ಓದಿದ್ದಾಗ ನಾನು ಕೇಳದೇ ಇದ್ದ ಮಾತು ಸಿಕ್ಕಿತು. ನನಗೆ ಊಟ ಸೇರುವುದಿಲ್ಲ, ಮೈಯಲ್ಲಿ ಶಕ್ತಿ ಇಲ್ಲ, ಅಣ್ಣನಿಗೆ ಹಬ್ಬಕ್ಕೆ ಕರೆಯಲು ತಪ್ಪದೆ ಬಾ ಎಂದು ಹೇಳು, ಅಲ್ಲಿಗೆ ಬಂದರೆ ನಾನು ಆರಾಮಾಗುತ್ತೇನೆ. ಹಬ್ಬಕ್ಕೆ ಇನ್ನೂ ಐದು ದಿನವಿತ್ತು. ಅವ್ವ ಏಳುವುದನ್ನೇ ಕಾದು ಕೂತು ಕೇಳಿದೆ.

"ನಿನಗ ಓದ್ಲಾಕ ಎಲ್ಲಿ ಬರ್ತದ? ತಪ್ಪ ಓದೀದಿ."

ನಾನು ತಪ್ಪು ಓದಿಲ್ಲವೆಂದು ಬೆರಳಿಟ್ಟು ತೋರಿಸಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ನೀಲಾ, ಬಸುರಿ ಹೆಂಗಸಿಗೆ ಊಟ ಸೇರೂದಿಲ್ಲ. ನನಗ ಸೇರ್ತದೇನು? ನಿಮ್ಮಪ್ಪ ಊರಾಗ ಇಲ್ಲದಾಗ ಬ್ಯಾನಿ ಎದ್ರ ನಾ ಯಾರಿಗೆ ಕರೀಲಿ? ಎರಡು ಹೋದ್ವು. ಇದೂ ಹೋಗಬೇಕೇನು?"

ನಾನು ಮತ್ತೆ ಯಾರಿಗೂ ಹೇಳಲಿಲ್ಲ. ಅವ್ವ ಹೆದರಿಸಿದಳೆಂದು ಸುಮ್ಮನಾದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ನನಗೆ ತಮ್ಮ ಬೇಕಾಗಿದ್ದ. ಅತ್ತೆಯ ಮೇಲಿನ ಸಿಟ್ಟೂ ಸ್ವಲ್ಪ ಉಳಿದಿತ್ತು. ನನ್ನನ್ನು ಬಿಟ್ಟು ಹೋದವಳು ನಾಲ್ಕು ದಿನ ಕಾಯಲಿ ಎಂಬ ಮಾತು ಆ ಪುಟ್ಟ ತಲೆಯಲ್ಲಿ ಬಂದು ಹೋದದ್ದು ನನಗೆ ನೆನಪಿದೆ. ಒಂಬತ್ತು ವರ್ಷದ ಮಗುವಿಗೆ ಏನು ತಿಳಿಯುತ್ತದೆ ಎಂದು ಜನ ಅನ್ನುತ್ತಾರೆ. ಎಲ್ಲಾ ತಿಳಿಯುತ್ತದೆ.

ಪಂಚಮಿಯ ಹಿಂದಿನ ದಿನ, ನಾಗಚೌತಿಯ ಹಾಲೆರೆದು ಬಂದು ಆಯಿ ಎಡೆ ಬಡಿಸುವಾಗ ಅವ್ವನಿಗೆ ರಕ್ತ ಕಾಣಿಸಿತು. ಅಪ್ಪ ಮನೆಯಲ್ಲಿದ್ದ. ಉಣ್ಣಲು ಕೂತವನು ಎದ್ದು, ಬರಿಗಾಲಿನಲ್ಲಿ ದೊಡ್ಡ ರಸ್ತೆಗೆ ಓಡಿದ. ಚಾಂದವಡ್ ಕಡೆಯಿಂದ ಉಳ್ಳಾಗಡ್ಡಿ ಹೇರಿಕೊಂಡು ಬರುತ್ತಿದ್ದ ಟೆಂಪೊಗೆ ಅಡ್ಡ ನಿಂತು, ಡ್ರೈವರಿಗೆ ಮರಾಠಿಯಲ್ಲಿ ಅದೇನು ಹೇಳಿದನೋ, ಅವನು ಹತ್ತು ಚೀಲ ರಸ್ತೆಯ ಬದಿಗೆ ಇಳಿಸಿ ಜಾಗ ಮಾಡಿಕೊಟ್ಟ. ನಾಸಿಕದ ಆಸ್ಪತ್ರೆಯಲ್ಲಿ ಕೊಯ್ದು ಕೂಸನ್ನು ತೆಗೆದರು. ಗಂಡು. ಇನ್ನರ್ಧ ಗಂಟೆ ತಡವಾಗಿದ್ದರೆ ತಾಯಿ, ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಪ್ಪ ಆ ದಿನ ಔರಂಗಾಬಾದಿನಿಂದ ತಂಗಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದರೆ ನನ್ನ ತಮ್ಮ ಇರುತ್ತಿರಲಿಲ್ಲ, ಅವ್ವನೂ ಇರುತ್ತಿರಲಿಲ್ಲ. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಎಂಟು ದಿನದಂಥ ಸಂತೋಷ ನಮ್ಮ ಮನೆಯಲ್ಲಿ ಮತ್ತೆ ಯಾವತ್ತೂ ಆಗಲಿಲ್ಲ.

ಆ ಕೂಸು ಈಗ ಐವತ್ತು ದಾಟಿದ ಗಂಡಸು. ಔರಂಗಾಬಾದಿನ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಔರಂಗಾಬಾದಿನ ಹೆಸರು ಛತ್ರಪತಿ ಸಂಭಾಜಿನಗರ ಎಂದಾಗಿದೆ. ಅಲ್ಲಿಯೇ ಮನೆ ಕಟ್ಟಿಸಿದ್ದಾನೆ. ನಾನು ನಾಸಿಕದಿಂದ ಹೋದಾಗಲೆಲ್ಲ, ಅಕ್ಕಾ ಊರು ನೋಡೂಣ ಬಾ ಎಂದು ಕಾರಿನಲ್ಲಿ ಸುತ್ತಾಡಿಸುತ್ತಾನೆ. ಅತ್ತೆಯನ್ನು ಮಣ್ಣು ಮಾಡಿದ ಕಡೆಗೆ ಹೋಗುವ ರಸ್ತೆ ಬಂದರೆ ನಾನು ಕಿಟಕಿಯ ಆಚೆ ನೋಡುತ್ತೇನೆ. ಅವನಿಗೆ ಏನೂ ಗೊತ್ತಿಲ್ಲ.

ಅವ್ವ ಕೂಸಿನ ಜೊತೆ ಮನೆಗೆ ಬಂದ ಮಾರನೆಯ ದಿನವೇ ತಾರು ಬಂತು. ಶರಣತ್ತೆ ಹೋಗಿಬಿಟ್ಟಿದ್ದಳು. ಅಪ್ಪ ಉಟ್ಟ ಬಟ್ಟೆಯಲ್ಲೇ ಹೊರಟ. ಆಯಿ ಹೊರಡಲು ಸೀರೆಯ ಗಂಟು ಕಟ್ಟಿದವಳು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಏಳಲಾರದೆ ಒದ್ದಾಡುತ್ತಿದ್ದ ಸೊಸೆಯನ್ನೂ ಅಳುತ್ತಿದ್ದ ಕೂಸನ್ನೂ ನೋಡಿ ಗಂಟು ಬಿಚ್ಚಿದಳು. ಮಗಳ ಮುಖವನ್ನು ಕೊನೆಯ ಸಲವೂ ಅವಳು ನೋಡಲಿಲ್ಲ. ಅಪ್ಪ ಮುಟ್ಟುವ ಹೊತ್ತಿಗೆ ಆ ಊರಿನ ನಮ್ಮವರು ಸೇರಿ ಅತ್ತೆಯನ್ನು ಸಮಾಧಿಯಲ್ಲಿ ಕೂರಿಸಿ, ಕೈಯಲ್ಲಿ ಅವಳ ಲಿಂಗವಿಟ್ಟು, ವಿಭೂತಿ ತುಂಬಿ ಮುಚ್ಚಿದ್ದರಂತೆ. ಕಾಮಾಲೆ ರೋಗ. ಬಸುರಿಯ ವಾಂತಿ ಎಂದುಕೊಂಡು ಗಂಡನ ಮನೆಯವರೂ ಮೊದಲು ಗಮನ ಕೊಡಲಿಲ್ಲ, ಕಣ್ಣು ಹಳದಿಯಾದ ಮೇಲೆ ಸೊಪ್ಪಿನ ರಸ ಕುಡಿಸಿದರು, ದವಾಖಾನೆಗೆ ಒಯ್ಯುವಾಗ ಹೊತ್ತು ಮೀರಿತ್ತು. ಅವರು ಕೆಟ್ಟವರಲ್ಲ. ಬೀಗಿತ್ತಿ ಅಪ್ಪನ ಕೈ ಹಿಡಿದು ಅತ್ತು ಹೇಳಿದ ಮಾತನ್ನು ಅವನು ಬಂದು ಹೊಸಲ ಮೇಲೆ ಕೂತು ನಮಗೆ ಹೇಳಿದ.

"ಹಬ್ಬಕ್ಕ ಅಣ್ಣ ಬರ್ತಾನ ಅಂತ ದಿನಾ ಬಾಗಿಲ ಕಡಿ ನೋಡ್ಲತ್ತಿದ್ದಳಂತ. ಟಪಾಲು ಬಂದ ದಿನದಿಂದ ನೋಡೂದು ಬಿಟ್ಟಳಂತ."

ಒಳಗಿನ ಕೋಣೆಯ ಪರದೆಯ ಹಿಂದೆ ಅವ್ವ ಕೂಸಿಗೆ ಹಾಲು ಕೊಡುತ್ತಿದ್ದಳು. ಅಪ್ಪ ಮುಖ ಒರೆಸಿಕೊಂಡು ಮತ್ತೆ ಹೇಳಿದ:

"ಹುಷಾರಿಲ್ಲ, ಬಾ ಅಂತ ಒಂದ್ ಮಾತು ಬರೀಬಾರದೇನವ್ವ? ಒಂದೇ ಒಂದ್ ಮಾತು. ನಾ ಅಷ್ಟು ಪರಕೀಯ ಆದ್ನೇನು ಅಕಿಗೆ?"

ಈ ಮಾತನ್ನು ಅಪ್ಪ ಒಂದು ಸಲ ಹೇಳಿ ಬಿಡಲಿಲ್ಲ. ಉಣ್ಣುವಾಗ, ಸೈಕಲ್ ಒರೆಸುವಾಗ, ಯಾರಾದರೂ ಮಾತಾಡಿಸಲು ಬಂದಾಗ, ಅದೇ. ಕೆಲವು ದಿನಗಳಲ್ಲಿ ದುಃಖ ಸಿಟ್ಟಾಯಿತು. ಸತ್ತ ತಂಗಿಯನ್ನು ಬೈಯತೊಡಗಿದ. ಗಂಡ ಸಿಕ್ಕ ಮೇಲೆ ಅಣ್ಣನನ್ನು ಮರೆತಳು, ಕೊಬ್ಬು, ಎಂದ. ಅದನ್ನು ಕೇಳಿಸಿಕೊಂಡು ಕೂರುವುದು ನನ್ನಿಂದ ಆಗಲಿಲ್ಲ. ಟ್ರಂಕಿನಲ್ಲಿ ಕಾಗದ ಹುಡುಕಿದೆ, ಅದು ಅಲ್ಲಿರಲಿಲ್ಲ. ಅಪ್ಪ ಬೈಯುವಾಗಲೆಲ್ಲ ಅವ್ವ ಪರದೆ ಎಳೆದುಕೊಳ್ಳುತ್ತಿದ್ದಳು. ಅವಳು ಉಣ್ಣುವುದು ಎರಡು ತುತ್ತಿಗೆ ಇಳಿದಿತ್ತು.

ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹಾಡುವವರನ್ನು ಕರೆಯಲಿಲ್ಲ, ಊಟಕ್ಕೆ ಯಾರಿಗೂ ಹೇಳಲಿಲ್ಲ. ಆಯಿಯೇ ಬಗ್ಗಿ ಶರಣಪ್ಪ ಎಂದಳು. ಅಪ್ಪ ಅದನ್ನು ಕೇಳಿದ ಕೂಡಲೇ ಎದ್ದು ಹೊರಗೆ ಹೋದ, ಸಾಯಂಕಾಲದವರೆಗೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಆಯಿ ಬಚ್ಚಲಲ್ಲಿ ಕೂಸಿನ ಜಳಕಕ್ಕೆ ನೀರು ಬೆರೆಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹೇಳಿದೆ.

"ಆಯಿ, ಶರಣತ್ತಿ ಕಾಗದದಾಗ ಬರದಿದ್ದಳು. ಅಣ್ಣಗ ಬಾ ಅನ್ನು ಅಂತ ಬರದಿದ್ದಳು. ಅವ್ವ ಅದನ್ನ ಓದಲಿಲ್ಲ. ನಾ ಓದೀನಿ."

ಆಯಿ ಮೊಳಕೈ ಅದ್ದಿ ನೀರಿನ ಬಿಸಿ ನೋಡಿದಳು. ಇನ್ನೊಂದು ತಂಬಿಗೆ ತಣ್ಣೀರು ಹಾಕಿದಳು.

"ಗೊತ್ತದ."

"ಯಾರು ಹೇಳಿದ್ರು?"

"ಯಾರಾಕ ಹೇಳಬೇಕು? ಪಂಚಮಿ ಮುಂದ ಮಗಳು ತವರಿಗೆ ಬರದ ಕಾಗದ. ಬಾ ಅನ್ನೂದು ಇಲ್ಲದ ಹ್ಯಾಂಗ ಬರೀತಾಳ?"

ಕಾಗದ ಓದಿದ ದಿನವೇ ಅವಳಿಗೆ ತಿಳಿದಿತ್ತು. ತಿಳಿದೇ ಅವಳು ಉಂಡಿ ಕಟ್ಟಿದ್ದಳು. ನನಗೆ ಅಳು ಬಂತು.

"ಮತ್ತ ನೀ ಯಾಕ ಸುಮ್ಮನಿದ್ದಿ?"

"ನಿಮ್ಮವ್ವನ ಹೊಟ್ಟಿ ನೋಡಿ ಸುಮ್ಮನಾದೆ." ಆಯಿ ತಂಬಿಗೆಯನ್ನು ಕೆಳಗಿಟ್ಟಳು. "ಶರಣಿಗೆ ಹಿಂಗ ಆಗ್ತದಂತ ಯಾರಿಗೆ ಗೊತ್ತಿತ್ತು? ನಿಮ್ಮಪ್ಪಗ ಇದು ಹೇಳಬ್ಯಾಡ. ಅಂವ ಸತ್ತವಳಿಗೆ ಬೈತಾನ, ಬೈಲಿ. ಅಕಿಗೆ ಕೇಳಸೂದಿಲ್ಲ. ಇದ್ದ ಬಾಣಂತಿಗೆ ಬೈದ್ರ ಎದ್ಯಾಗಿನ ಹಾಲು ಬತ್ತತದ. ಹೋಗು, ಕೂಸಿಗೆ ತಗೊಂಡು ಬಾ, ನೀರು ಆರ್ತದ."

ನಾನು ಕಣ್ಣೊರೆಸಿಕೊಂಡು ಒಳಗೆ ಹೋದೆ. ಬಚ್ಚಲಿಗೂ ಆ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಮಾಡುತ್ತಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಕೂಸನ್ನು ಎತ್ತಿಕೊಳ್ಳುವಾಗ ತಿರುಗಲಿಲ್ಲ, ನನ್ನನ್ನು ಬೈಯಲಿಲ್ಲ. ಒದ್ದೆಯಾದ ದಿಂಬಿನಿಂದ ತಲೆ ಎತ್ತದೆಯೇ ಹೇಳಿದಳು:

"ಜಳಕ ಆದ ಕೂಡಲೇ ನನ್ನ ಕಡಿ ಕೊಡು. ಆಯಿಗೆ ಹೇಳು, ಹಾಲು ಅದ ಅಂತ."